ಅಪ್ಪನ ಜೋಡು ನಳಿಗೆ ಕೋವಿಗೆ ಗಿರಾಕಿ ಯಾಕಿಲ್ಲ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಕಳೆದ ವರ್ಷ ಅಪ್ಪ ತೀರಿಕೊಂಡರು. ಅವರ ಲೈಸೆನ್ಸಿನಲ್ಲಿ ಎರಡು ಕೋವಿ ಇದ್ದವು. ಒಂದು ಬೆಲ್ಜಿಯಂನ ಜೋಡು ನಳಿಗೆ, ನಳಿಗೆಯ ಅಳತೆ 12 ಬೋರು. ಇನ್ನೊಂದು ತಾತನ ಕಾಲದ, ನಳಿಗೆ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಎರಡನ್ನೂ ಡೀಲರ್ ಅಂಗಡಿಯಲ್ಲಿ ಡೆಪಾಸಿಟ್ ಇಟ್ಟು ಬಾಡಿಗೆ ಕಟ್ಟುತ್ತಾ ಇದ್ದೇನೆ.

ನನಗೆ ಶಿಕಾರಿ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಹಾಗಾಗಿ ಮಾರಿಬಿಡೋಣ ಅಂತ ಹೊರಟೆ. ಡೀಲರ್ ಹೇಳಿದ ಬೆಲೆ ಕೇಳಿ ತುಂಬಾ ಬೇಜಾರಾಯಿತು. ಆ ದುಡ್ಡಿಗೆ ಒಂದು ಒಳ್ಳೆಯ ಮೊಬೈಲೂ ಬರುವುದಿಲ್ಲ. ಕೇಪಿನ ಕೋವಿಯನ್ನಂತೂ ಅವರು ಕೈಗೆತ್ತಿಕೊಂಡು ನೋಡಲೇ ಇಲ್ಲ. ಬೇರೆ ಎರಡು ಊರಿನಲ್ಲಿ ಕೇಳಿದರೂ ಇದೇ ಮಾತು. ಮೊದಲು ನಮ್ಮ ಕಡೆ ಒಂದು ಜೋಡು ನಳಿಗೆ ಮಾರಾಟಕ್ಕಿದೆ ಅಂದರೆ ನಾಲ್ಕು ಜನ ಮನೆಗೇ ಬರುತ್ತಿದ್ದರು. ಈಗ ಏನಾಗಿದೆ? ಗೊತ್ತಿದ್ದವರು ಹೇಳಿ. ಅಪ್ಪ ಪ್ರತಿ ಮಳೆಗಾಲ ಎಣ್ಣೆ ಹಚ್ಚಿ ಒರೆಸಿ ಇಟ್ಟ ಸಾಮಾನು ಅದು, ಗುಜರಿ ಥರ ಹೋಗಬಾರದು.

ಹಳೇಶಿಕಾರಿ

ತಮ್ಮಾ, ಅಪ್ಪನ ವಿಷಯ ಕೇಳಿ ಬೇಸರವಾಯಿತು. ನನಗೀಗ 75 ದಾಟಿದೆ. ನಿಮ್ಮ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ನಾನು ಹುಡುಗನಾಗಿದ್ದಾಗ ಮಲೆನಾಡಿನಲ್ಲಿ ಕೋವಿ ಇಲ್ಲದ ದೊಡ್ಡ ಮನೆ ಇರಲಿಲ್ಲ. ಹಂದಿ ಶಿಕಾರಿ ಅಂದರೆ ಇಡೀ ಊರಿನ ಕೆಲಸ. ಹಳು ನುಗ್ಗುವವರು ನಾಯಿ ಬಿಟ್ಟುಕೊಂಡು ಕೂಗುತ್ತಾ ಬರುತ್ತಿದ್ದರು. ಕೋವಿಯವರು ಹಂದಿ ದಾಟುವ ಜಾಗದಲ್ಲಿ ಉಸಿರು ಬಿಗಿ ಹಿಡಿದು ನಿಂತಿರುತ್ತಿದ್ದರು. ಈಡು ಯಾರದೇ ಆಗಲಿ, ಪಾಲು ಮಾತ್ರ ಎಲ್ಲರ ಮನೆಗೂ ಹೋಗುತ್ತಿತ್ತು. ಒಳ್ಳೆಯ ಕೋವಿ ಇದ್ದವನಿಗೆ ಊರಿನಲ್ಲಿ ಮರ್ಯಾದೆ. ಅದಕ್ಕೇ ಅಷ್ಟು ಬೆಲೆ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಮೊದಮೊದಲು ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಕೊಟ್ಟು ಬೇಟೆಗೆ ಬಿಡುತ್ತಿದ್ದರು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಅಷ್ಟು ಹೊತ್ತಿಗೆ ನಾನೇ ಬಿಟ್ಟಾಗಿತ್ತು. ಕಾಡಿನಲ್ಲಿ ಏನೂ ಉಳಿದಿರಲಿಲ್ಲ. ಜೀಪಿನಲ್ಲಿ ಬಂದು ಲೈಟು ಬಿಟ್ಟು ಹೊಡೆಯುವವರು ಗಬ್ಬದ ಪ್ರಾಣಿಯನ್ನೂ ಬಿಡಲಿಲ್ಲ. ಕಾಯ್ದೆ ಬಂದದ್ದು ಒಳ್ಳೆಯದೇ ಆಯಿತು. ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ. ಬೇಟೆ ಹೋದ ಮೇಲೆ ಕೋವಿಗೆ ಮನೆಯಲ್ಲಿ ಕೆಲಸ ಇಲ್ಲ. ಮಕ್ಕಳು ಬೆಂಗಳೂರಿನಲ್ಲಿ. ಒರೆಸುವವರೂ ಇಲ್ಲ.

ಅಡಿಕೆಸೋಗೆ

ಹಿರಿಯರು ಹೇಳಿದ್ದು ಸರಿ. ಆದರೆ ಕೋವಿಗೆ ಕೆಲಸ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ತೋಟ ತೀರ್ಥಹಳ್ಳಿ ತಾಲೂಕಿನಲ್ಲಿ, ಆಗುಂಬೆ ಕಡೆ. ರಾತ್ರಿ ಹಂದಿ ಬಂದು ಅಡಿಕೆ ಸಸಿ ಬುಡ ಮೇಲು ಮಾಡುತ್ತವೆ. ಬೆಳಗ್ಗೆ ಮಂಗಗಳು ಎಳೆ ಅಡಿಕೆ ಕಿತ್ತು, ಚೀಪಿ ಎಸೆಯುತ್ತವೆ. ಗದ್ದೆ ಬೇಸಾಯವನ್ನು ಎಷ್ಟೋ ಜನ ಇದಕ್ಕೇ ಬಿಟ್ಟರು. ಕೋವಿ ಬೇಕು ಅನ್ನುವವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ ಮಾರಾಯ್ರೆ. ಕೊಲ್ಲುವುದಕ್ಕಲ್ಲ, ಒಂದು ಗಾಳಿ ಗುಂಡು ಹಾರಿಸಿ ಹೆದರಿಸುವುದಕ್ಕೆ.

ಸಿಗದೇ ಇರುವುದು ಲೈಸೆನ್ಸು. ನಾನು ಅರ್ಜಿ ಹಾಕಿ ವರ್ಷಗಳೇ ಆದವು. ಪಹಣಿ ಕೊಟ್ಟೆ, ಪೊಲೀಸ್ ವರದಿ ಆಯಿತು, ಅರಣ್ಯ ಇಲಾಖೆಯ ಅಭಿಪ್ರಾಯ ಬರಬೇಕು ಅಂತ ಫೈಲು ಅಲ್ಲೇ ಕೂತಿದೆ. ತೋಟದಮನೆಯವರ ಕೋವಿಯನ್ನು ನಾನು ಇವತ್ತೇ ಕೊಳ್ಳುತ್ತೇನೆ, ಅವರು ಕೇಳಿದ ಬೆಲೆಗೆ. ಆದರೆ ಕೊಳ್ಳುವ ಹಾಗಿಲ್ಲ.

ಕರಿಕೋಟು

ಅಡಿಕೆಸೋಗೆ ಸರ್ ಬರೆದ ಕೊನೆಯ ಸಾಲಿನಲ್ಲೇ ಉತ್ತರ ಇದೆ. ಬೇಕು ಅನ್ನುವವರು ಇದ್ದಾರೆ, ಮಾರುವವರೂ ಇದ್ದಾರೆ, ನಡುವೆ ಲೈಸೆನ್ಸು. ನಾನು ವಕೀಲಿಕೆ ಮಾಡುತ್ತೇನೆ, ಇಂಥ ಫೈಲು ಆಗಾಗ ಬರುತ್ತವೆ. ಸ್ವಲ್ಪ ಉದ್ದ ಆಗುತ್ತೆ, ಬೇಸರ ಮಾಡಿಕೊಳ್ಳಬೇಡಿ.

1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಮೊದಲು ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು. 2019ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಬಂದು ಅದು ಎರಡಕ್ಕೆ ಇಳಿಯಿತು. ಮಸೂದೆ ಮೊದಲು ಬಂದಾಗ ಒಂದೇ ಅಂತ ಇತ್ತು, ವಿರೋಧ ಬಂದ ಮೇಲೆ ಎರಡು ಮಾಡಿದರು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಡೀಲರ್‌ಗೋ ಒಪ್ಪಿಸಬೇಕಿತ್ತು. ಇದರಿಂದ ಏನಾಯಿತು ನೋಡಿ. ದೇಶದ ತುಂಬಾ ಮೂರು ಕೋವಿ ಇದ್ದವರೆಲ್ಲ ಒಂದೇ ಹೊತ್ತಿಗೆ ಒಂದನ್ನು ಮಾರಲು ಹೊರಟರು. ಅದೇ ದಿನದಿಂದ ಎರಡು ಇದ್ದವರು ಇನ್ನೊಂದನ್ನು ಕೊಳ್ಳುವ ಹಾಗೂ ಇಲ್ಲ. ಮಾರುವವರು ಹೆಚ್ಚಿದರು, ಕೊಳ್ಳುವವರು ಕಡಿಮೆಯಾದರು. ಜನ ಬಿಟ್ಟುಕೊಟ್ಟದ್ದು ಯಾವುದನ್ನು? ಪಿಸ್ತೂಲು, ರಿವಾಲ್ವರ್ ಇಟ್ಟುಕೊಂಡರು. ಉದ್ದ ನಳಿಗೆಯ ಹಳೇ ಕೋವಿಯನ್ನು ಬಿಟ್ಟರು.

ಇದರ ಮೇಲೆ 2016ರ ನಿಯಮಗಳು. ಹೊಸ ಲೈಸೆನ್ಸ್ ಬೇಕಾದವರು ಕೋವಿ ಬಳಕೆಯ ಸುರಕ್ಷತೆ ತರಬೇತಿ ಪಡೆದ ಸರ್ಟಿಫಿಕೇಟ್ ಕೊಡಬೇಕು. ಎಲ್ಲ ಲೈಸೆನ್ಸೂ ರಾಷ್ಟ್ರೀಯ ಡೇಟಾಬೇಸ್‌ಗೆ ಸೇರಿ ಅದಕ್ಕೊಂದು ವಿಶಿಷ್ಟ ಸಂಖ್ಯೆ ಇರಬೇಕು. ಆ ಸಂಖ್ಯೆ ಮಾಡಿಸದ ಹಳೇ ಲೈಸೆನ್ಸುದಾರರು ಎಷ್ಟೋ ಜನ. ಅವರ ಕೋವಿಗಳೂ ಡೀಲರ್ ಗೋಡೆ ಮೇಲೇ ಬಂದು ಕೂತವು.

ಅಡಿಕೆಸೋಗೆ ಸರ್, ನಿಮ್ಮ ಫೈಲು ಯಾಕೆ ನಿಂತಿದೆ ಅಂತ ನನಗೊಂದು ಅಂದಾಜಿದೆ. ಆಗುಂಬೆ ಪಕ್ಕದಲ್ಲೇ ಸೋಮೇಶ್ವರ ಅಭಯಾರಣ್ಯ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಅದು ವನ್ಯಜೀವಿ ಕಾಯ್ದೆಯ 34ನೇ ಕಲಂ. ಫೈಲು ಎಲ್ಲಿದೆ ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ ನೋಡಿ.

ಕಾವೇರಿತೀರ

ನಾನು ವಿರಾಜಪೇಟೆಯವಳು, ಕೊಡವ ಮನೆತನ. ನಮ್ಮಲ್ಲಿ ಕಥೆ ಬೇರೆ. ಸೆಪ್ಟೆಂಬರ್ ಮೊದಲ ವಾರ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಬಂದರೆ ಮನೆಯ ಕೋವಿಗಳನ್ನೆಲ್ಲ ಒರೆಸಿ ದೇವರ ಮುಂದೆ ಇಡುತ್ತೇವೆ. ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸುತ್ತೇವೆ. ಪೂಜೆ, ಕಡುಂಬುಟ್ಟು (ಅಕ್ಕಿ ಕಡುಬು) ಹಂದಿಕರಿ ಊಟ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಈಗ ಹೆಂಗಸರೂ ಸಾಲಾಗಿ ನಿಂತು ಹೊಡೆಯುತ್ತೇವೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಅಂಥ ಕೋವಿಗೆ ಬೆಲೆ ಕಟ್ಟುವುದು ಹೇಗೆ? ಮಾರಿದರೆ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ತಲೆ ಎತ್ತುವ ಹಾಗಿಲ್ಲ.

ಕೊಡವರಿಗೆ ಮತ್ತು ಕೊಡಗಿನ ಹಳೇ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ಮುಂದುವರಿಸಿತು. ಹೈಕೋರ್ಟಿನಲ್ಲಿ ಪ್ರಶ್ನೆ ಮಾಡಿದ್ದರು, 2021ರಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ. ಬೇಟೆಗೆ ಅಲ್ಲ. ಹೊರಗಿನವರು ಇದನ್ನು ತಪ್ಪು ತಿಳಿಯುತ್ತಾರೆ, ಅದಕ್ಕೆ ಒತ್ತಿ ಹೇಳುತ್ತಿದ್ದೇನೆ. ನಮ್ಮಲ್ಲಿ ಹಿಂದೆ ಹುಲಿ ಕೊಂದವನಿಗೆ ನರಿ ಮಂಗಲ ಅಂತ ಮದುವೆಯ ಥರ ಸನ್ಮಾನ ಇತ್ತು (ಕೊಡವ ಮಾತಿನಲ್ಲಿ ನರಿ ಅಂದರೆ ಹುಲಿ). ಈಗಿನ ಹುಡುಗರಿಗೆ ಅದು ಹಾಡಿನಲ್ಲಿ ಕೇಳಿದ ಸಂಗತಿ ಅಷ್ಟೆ. ಅವರಿಗೆ ಗುರಿ ಬೇಕು, ಬೇಟೆ ಬೇಡ. ನನ್ನ ತಂಗಿಯ ಮಗಳು ರೈಫಲ್ ಶೂಟಿಂಗ್ ಕಲಿಯುತ್ತಿದ್ದಾಳೆ. ಒಂದು ಕಾಡುಕೋಳಿಯನ್ನೂ ಹೊಡೆದವಳಲ್ಲ, ಹೊಡೆಯುವ ಆಸೆಯೂ ಇಲ್ಲ.

ತೋಟದಮನೆ

ಎಲ್ಲರಿಗೂ ಧನ್ಯವಾದ. ಅಪ್ಪನ ಹತ್ತಿರವೂ ಮೊದಲು ಮೂರು ಇದ್ದವು. 2020ರಲ್ಲಿ ಒಂದನ್ನು ಕೊಟ್ಟುಬಿಟ್ಟರು, ಏನು ಬಂತು ಅಂತ ಮನೆಯಲ್ಲಿ ಹೇಳಲೇ ಇಲ್ಲ. ಯಾಕೆ ಅಂತ ಈಗ ಗೊತ್ತಾಗುತ್ತಿದೆ.

ಇನ್ನೊಂದು ಪ್ರಶ್ನೆ. ಬೆಲ್ಜಿಯಂ ಕೋವಿ ವಿದೇಶದ್ದು. ವಿದೇಶದ ಕೋವಿಗೆ ಲಕ್ಷಗಟ್ಟಲೆ ಬರುತ್ತೆ ಅಂತ ಒಬ್ಬರು ಹೇಳಿದರು. ಹೌದಾ?

ನಳಿಗೆನೋಟ

ಕೆಲವಕ್ಕೆ ಹೌದು. 1980ರ ದಶಕದ ನಡುವೆ ಸಾಮಾನ್ಯ ಜನ ಕೋವಿ ಆಮದು ಮಾಡುವುದನ್ನು ಸರ್ಕಾರ ನಿಲ್ಲಿಸಿತು. ಅಲ್ಲಿಂದ ಮುಂದೆ ದೇಶದೊಳಗೆ ಆಗಲೇ ಇದ್ದ ವಿದೇಶಿ ಸಾಮಾನಿಗೆ ಬೆಲೆ ಏರಿತು. ವೆಬ್ಲಿ ರಿವಾಲ್ವರ್, ವಾಲ್ಥರ್ ಪಿಸ್ತೂಲು ಇಂಥವಕ್ಕೆ ಈಗಲೂ ಒಳ್ಳೆಯ ಬೆಲೆ ಇದೆ. ಜೀವರಕ್ಷಣೆಗೆ ಅಂತ ಲೈಸೆನ್ಸ್ ತೆಗೆದುಕೊಳ್ಳುವವರು ಸೊಂಟಕ್ಕೆ ಸಿಕ್ಕಿಸುವ ಸಾಮಾನನ್ನೇ ಕೇಳುತ್ತಾರೆ. ಇಂಗ್ಲೆಂಡಿನ ಹೆಸರಾಂತ ಕಂಪನಿಗಳಾದ ಪರ್ಡಿ, ಹಾಲೆಂಡ್ ಆಂಡ್ ಹಾಲೆಂಡ್‌ನ ಜೋಡು ನಳಿಗೆ ಆದರೂ ಮಾತು ಬೇರೆ. ಬೆಲ್ಜಿಯಂನಿಂದ ಆಗಿನ ಕಾಲಕ್ಕೆ ಕಡಿಮೆ ಬೆಲೆಯ ಕೋವಿಗಳು ರಾಶಿ ರಾಶಿ ಬಂದಿವೆ. ಅವುಗಳಲ್ಲಿ ಒಳ್ಳೆಯದೂ ಇದೆ, ಸಾಧಾರಣದ್ದೂ ಇದೆ. ಸಾಧಾರಣದ್ದಕ್ಕೆ ಈಗ ಗಿರಾಕಿ ಇಲ್ಲ.

ನಾನು ಹಳೇ ಕೋವಿ ರಿಪೇರಿ ಮಾಡುವ ಮನೆತನದವನು. ನಿಮ್ಮದು ಹೇಗಿದೆ ಅಂತ ಡೀಲರ್ ಎದುರಿಗೇ ನೋಡಿ. ಮೊದಲು ಒಳಗೆ ತೋಟೆ (ಕಾರ್ಟ್ರಿಜ್) ಇಲ್ಲ ಅಂತ ಅವರ ಕೈಯಲ್ಲೇ ಬಿಚ್ಚಿಸಿ ಖಾತ್ರಿ ಮಾಡಿಕೊಳ್ಳಿ. ನಳಿಗೆ ಕಳಚಿ ಬೆಳಕಿಗೆ ಹಿಡಿದು ಒಳಗೆ ನೋಡಿ. ಉಂಗುರ ಉಂಗುರವಾಗಿ ಕನ್ನಡಿಯ ಹಾಗೆ ಹೊಳೆಯಬೇಕು. ಕಪ್ಪು ಚುಕ್ಕೆ, ಸಣ್ಣ ಗುಳಿ ಕಂಡರೆ ತುಕ್ಕು ತಿಂದಿದೆ. ಮಲೆನಾಡಿನ ಮಳೆಗೆ ಇದು ಸಾಮಾನ್ಯ. ಆಮೇಲೆ ನಳಿಗೆಯನ್ನು ಕೊಕ್ಕೆಯ ಹತ್ತಿರ ಒಂದು ಬೆರಳಿಗೆ ನೇತುಹಾಕಿ ಉಗುರಿನಿಂದ ತಟ್ಟಿ. ಗಂಟೆಯಂತೆ ನಾದ ಬಂದರೆ ಎರಡು ನಳಿಗೆ ಕೂಡಿಸಿದ ಬೆಸುಗೆ ಗಟ್ಟಿ ಇದೆ. ದಬ್ ಅಂದರೆ ಬಿಟ್ಟಿದೆ. ನಳಿಗೆ ಜೋಡಿಸಿ ಮುಚ್ಚಿದ ಮೇಲೆ ಅಲುಗಾಡಿಸಿ, ಒಂದು ಕೂದಲೆಳೆಯೂ ಅಲ್ಲಾಡಬಾರದು. ಕೊನೆಗೆ ತೋಟೆ ಕೂರುವ ಕೋಣೆಯ ಉದ್ದ. ಹಳೇ ಕೋವಿಗಳಲ್ಲಿ ಅದು 65 ಮಿಲಿಮೀಟರ್, ಹೊಸ ತೋಟೆ 70 ಮಿಲಿಮೀಟರ್ ಬರುತ್ತೆ. ಉದ್ದದ ತೋಟೆ ಒಳಗೆ ಕೂತುಬಿಡುತ್ತೆ, ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತೆ. ಇದನ್ನು ಗಿರಾಕಿಗೆ ಹೇಳದೆ ಮಾರುವುದು ದೊಡ್ಡ ತಪ್ಪು.

ಮಿನ್ನೆಸೋಟಾ ಕನ್ನಡಿಗ

ಇಲ್ಲಿಯದೂ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಹಳೇ ಕೋವಿಯ ಬೆಲೆ ಬೀಳುವುದು ಅಮೆರಿಕದಲ್ಲೂ ಕಾಣುತ್ತೆ. ನವೆಂಬರ್‌ನಲ್ಲಿ ಜಿಂಕೆ ಬೇಟೆ ಶುರುವಾದರೆ ನಮ್ಮ ಆಫೀಸಿನ ಅರ್ಧ ಜನ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಊರಿಗೆ ಹೋಗುತ್ತಾರೆ. ಹೋಗುವವರಲ್ಲಿ ಜಾಸ್ತಿ ನೆರೆಗೂದಲಿನವರೇ. ಇಲ್ಲಿನ ಮೀನು ಮತ್ತು ವನ್ಯಜೀವಿ ಇಲಾಖೆಯ ಸಮೀಕ್ಷೆಯಲ್ಲಿ 2011ರಲ್ಲಿ 1.37 ಕೋಟಿ ಬೇಟೆಗಾರರಿದ್ದರು, 2016ಕ್ಕೆ 1.15 ಕೋಟಿಗೆ ಇಳಿದರು. 2020ರಲ್ಲಿ ಕೊರೊನಾ ಮತ್ತು ಗಲಾಟೆಗಳ ಭಯಕ್ಕೆ ಜನ ಮುಗಿಬಿದ್ದು ಕೋವಿ ಕೊಂಡರು, ಆದರೆ ಅದು ಮನೆ ಕಾವಲಿಗೆ. ಅಜ್ಜ ಸತ್ತ ಮೇಲೆ ಮೊಮ್ಮಕ್ಕಳು ಮಾರಲು ತರುವ ಬೇಟೆ ಕೋವಿ ಆ ಸಾಲಿಗೆ ಸೇರುವುದಿಲ್ಲ.

ಇನ್ನೊಂದು ಕಾರಣ ತೋಟೆ. 1991ರಿಂದ ಬಾತುಕೋಳಿ ಬೇಟೆಗೆ ಸೀಸದ ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡು, ಇಡೀ ದೇಶದಲ್ಲಿ ನಿಷೇಧ. ಕೆರೆ ತಳದ ಸೀಸ ನುಂಗಿ ಹಕ್ಕಿಗಳು ಸಾಯುತ್ತಿದ್ದವು. ಅದರ ಬದಲು ಉಕ್ಕಿನ ಚರೆ ಬಂತು. ಉಕ್ಕು ಗಟ್ಟಿ, ತುದಿ ಬಿಗಿಯಾಗಿರುವ ಹಳೇ ನಳಿಗೆಗಳಿಗೆ ಆಗಿಬರುವುದಿಲ್ಲ. ಹಾಗೆ ಎಷ್ಟೋ ಚಂದದ ಜೋಡು ನಳಿಗೆಗಳು ಮೂಲೆ ಸೇರಿದವು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. 1937ರ ಕಾನೂನಿನ ಪ್ರಕಾರ ಇಲ್ಲಿ ಬೇಟೆ ಕೋವಿ ಮತ್ತು ತೋಟೆಯ ಮೇಲೆ 11% ತೆರಿಗೆ ಇದೆ. ಆ ದುಡ್ಡು ರಾಜ್ಯಗಳ ಕಾಡು, ವನ್ಯಜೀವಿ ಕೆಲಸಕ್ಕೇ ಹೋಗಬೇಕು. ಬೇಟೆಯ ಲೈಸೆನ್ಸ್ ಶುಲ್ಕವೂ ಅಲ್ಲಿಗೇ. ಬೇಟೆಗಾರರು ಕಡಿಮೆಯಾದರೆ ಕಾಡು ನೋಡಿಕೊಳ್ಳುವ ಇಲಾಖೆಗೇ ಚಿಂತೆ.

ಹಸಿರುಹಾದಿ

ಮಿನ್ನೆಸೋಟಾ ಅಣ್ಣ, ಆ ಲೆಕ್ಕ ಇಲ್ಲಿಗೆ ತರಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅಲ್ಲಿ ಎಷ್ಟು ಜಿಂಕೆ ಹೊಡೆಯಬಹುದು ಅಂತ ಎಣಿಸಿ ಚೀಟಿ ಕೊಡುತ್ತಾರೆ. ಇಲ್ಲಿ ಪಶ್ಚಿಮ ಘಟ್ಟದ ಕಾಡು ತುಂಡು ತುಂಡಾಗಿದೆ. ಕಾಟಿ, ಬರ್ಕ, ಕಡವೆಗಳು ಈಗಷ್ಟೇ ಕೆಲವು ಕಡೆ ಚೇತರಿಸಿಕೊಂಡಿವೆ. ಅರಣ್ಯ ಕಾವಲಿನವರ ಜೊತೆ ನಾನು ಸ್ವಯಂಸೇವಕಿಯಾಗಿ ಓಡಾಡಿದ್ದೇನೆ. ನಾವು ಕಿತ್ತು ತಂದ ಉರುಳುಗಳ ತಂತಿ ಒಂದು ಚೀಲ ತುಂಬಿತ್ತು. ಬೈಕಿನ ಕ್ಲಚ್ ಕೇಬಲ್ ಬಿಚ್ಚಿ ಮಾಡಿದ ಉರುಳು. ಹಂದಿಗೆ ಅಂತ ಕಟ್ಟುತ್ತಾರೆ, ಚಿರತೆ ಸೊಂಟಕ್ಕೆ ಬೀಳುತ್ತೆ. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ತಂತಿ ಒಳಗೆ ಇಳಿಯುತ್ತೆ.

ಲೈಸೆನ್ಸ್ ಕೋವಿಯ ಬೇಟೆ ಕಡಿಮೆಯಾಗಿರುವುದು ನಿಜ, ಸಂತೋಷ. ಆದರೆ ಬೇಟೆ ನಿಂತಿಲ್ಲ. ಅದು ಉರುಳಿಗೆ, ಹಂದಿ ಬಾಯಲ್ಲಿ ಸಿಡಿಯುವ ಮದ್ದಿನ ಉಂಡೆಗೆ, ಬೇಲಿಗೆ ಎಳೆದ ಕರೆಂಟಿಗೆ, ಲೈಸೆನ್ಸಿಲ್ಲದ ನಾಡಕೋವಿಗೆ ಹೋಗಿದೆ. ಅದಕ್ಕೇ ತೋಟದಮನೆಯವರಿಗೆ ನನ್ನ ವಿನಂತಿ: ಬೆಲೆ ಬರಲಿಲ್ಲ ಅಂತ ಯಾರಾದರೂ "ಕಾಗದ ಪತ್ರ ಬೇಡ, ನಾನೇ ತಗೊಂಡು ಹೋಗ್ತೀನಿ" ಅಂದರೆ ಖಂಡಿತ ಕೊಡಬೇಡಿ.

ಅಡಿಕೆಸೋಗೆ

ಅಕ್ಕಾ, ಉರುಳಿಗೆ ನಾನೂ ವಿರೋಧಿ. ನಮ್ಮ ಮನೆ ನಾಯಿಯೇ ಸಿಕ್ಕಿಬಿದ್ದಿತ್ತು. ಆದರೆ ರೈತ ಏನು ಮಾಡಬೇಕು ಹೇಳಿ. ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರೇ ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಲು ಆದೇಶ ಕೊಡಬಹುದು. ಹೊಡೆಯುವವರು ಲೈಸೆನ್ಸ್ ಇರುವವರೇ ಆಗಿರಬೇಕು. ನಮ್ಮ ಕಾಯ್ದೆಯಲ್ಲೂ ಬೆಳೆಗೆ ಅಪಾಯ ಇದ್ದರೆ ಅಧಿಕಾರಿ ಅನುಮತಿ ಕೊಡಲು ದಾರಿ ಇದೆ. ಕಾಗದದ ಮೇಲೆ ಇದ್ದು ಏನು ಬಂತು? ಅನುಮತಿ ಕೈಗೆ ಬರುವ ಹೊತ್ತಿಗೆ ಭತ್ತ ಮುಗಿದಿರುತ್ತೆ.

ಇರುವ ಕೋವಿಯೂ ಬೇಕಾದಾಗ ಮನೆಯಲ್ಲಿ ಇರುವುದಿಲ್ಲ. 2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ಫಲಿತಾಂಶ ಬಂದದ್ದು ಜೂನ್ 4ಕ್ಕೆ. ನಮ್ಮ ದೊಡ್ಡಪ್ಪ ಅಷ್ಟೂ ದಿನ ಕೋವಿಯನ್ನು ಠಾಣೆಯಲ್ಲಿ ಇಟ್ಟಿದ್ದರು. ಅದರ ಹಿಂದಿನ ವರ್ಷ ವಿಧಾನಸಭೆ, ಆಗಲೂ ಅದೇ. ಈ ಓಡಾಟಕ್ಕೆ ಸಾಕಾಗಿ ಈಗ ಲೈಸೆನ್ಸನ್ನೇ ವಾಪಸ್ ಕೊಡುತ್ತೇನೆ ಅನ್ನುತ್ತಾರೆ. ಅವರ ಕೋವಿಯೂ ನಿಮ್ಮದರ ಪಕ್ಕ ಹೋಗಿ ಕೂರುತ್ತೆ, ಬೆಲೆ ಇನ್ನೂ ಬೀಳುತ್ತೆ.

ಹಸಿರುಹಾದಿ

ನಿಮ್ಮ ಕಷ್ಟ ಸುಳ್ಳಲ್ಲ ಅಣ್ಣ. ಸೋಲಾರ್ ಬೇಲಿಗೆ ಸಬ್ಸಿಡಿ ಸಿಗುತ್ತೆ, ನಾಲ್ಕು ತೋಟದವರು ಸೇರಿ ಒಂದೇ ಸುತ್ತು ಹಾಕಿಸಿದರೆ ಹಂದಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಬುಡದ ತಂತಿಗೆ ಹುಲ್ಲು ತಾಗದ ಹಾಗೆ ವಾರಕ್ಕೊಮ್ಮೆ ಸವರಬೇಕು, ಇಲ್ಲದಿದ್ದರೆ ಕರೆಂಟು ನೆಲಕ್ಕೆ ಹೋಗುತ್ತೆ. ಮಂಗನಿಗೆ ಇದು ಆಗುವುದಿಲ್ಲ, ಅದನ್ನು ಒಪ್ಪುತ್ತೇನೆ. ದಯವಿಟ್ಟು ಮಂಗ ಓಡಿಸಲು ಢಂ ಅನ್ನಿಸುವ ಪಿವಿಸಿ ಪೈಪಿನ ಕಾರ್ಬೈಡ್ ಗನ್ ಮಾತ್ರ ಮಕ್ಕಳ ಕೈಗೆ ಕೊಡಬೇಡಿ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದರಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯಿತು.

ಹಳೇಶಿಕಾರಿ

ಅಡಿಕೆಸೋಗೆ, ನಿನ್ನ ಸಿಟ್ಟು ನನಗೆ ಅರ್ಥವಾಗುತ್ತೆ. ಒಂದು ಮಾತು ಮಾತ್ರ ನೆನಪಿಟ್ಟುಕೊ. ರಾತ್ರಿ ತೋಟದಲ್ಲಿ ಹಂದಿ ಅಂತ ಅಂದುಕೊಂಡು ಹೊಡೆದ ಈಡು ಮನುಷ್ಯನಿಗೆ ಬಿದ್ದದ್ದನ್ನು ನಾನು ಕಂಡಿದ್ದೇನೆ. ಎಲ್‌ಜಿ ತೋಟೆಯ ಒಂದೊಂದು ಗುಂಡೂ ಕಡಲೆಕಾಳಿಗಿಂತ ದಪ್ಪ. ಮುಂದೆ ಏನಿದೆ ಅಂತ ಕಣ್ಣಿಗೆ ಸರಿಯಾಗಿ ಕಾಣದೆ ಕೋವಿಯ ಕುದುರೆ (ಟ್ರಿಗರ್) ಎಳೆಯಬಾರದು. ಹಿಂದೆ ಹಿರಿಯರ ಜೊತೆ ಹೋಗಿ ಹೋಗಿ ಇದನ್ನೆಲ್ಲ ಕಲಿಯುತ್ತಿದ್ದೆವು. ಕಲಿಸುವವರು ಹೋದ ಮೇಲೆ ಸುಮ್ನೆ ಕೋವಿ ಕೈಗೆ ಬಂದರೆ ಅಪಾಯ. ತರಬೇತಿ ಕಡ್ಡಾಯ ಮಾಡಿದ್ದು ಅದಕ್ಕೇ ಸರಿ ಅನ್ನುತ್ತೇನೆ.

ಕರಿಕೋಟು

ತೋಟದಮನೆ ಸರ್, ಈಗ ನಿಮ್ಮ ಕೆಲಸಕ್ಕೆ ಬರೋಣ. ಲೈಸೆನ್ಸುದಾರರು ತೀರಿಕೊಂಡರೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಅದಕ್ಕೆ ಉಳಿದ ವಾರಸುದಾರರ ಒಪ್ಪಿಗೆ ಪತ್ರ ಜೊತೆಗಿರಲಿ. ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ: ಅಪ್ಪನಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ, ಅವರು ಬದುಕಿರುವಾಗಲೇ ಮಗನ ಅಥವಾ ಮಗಳ ಹೆಸರಿಗೆ ಮಾಡಿಸಬಹುದು. ಆಗ ಮಾಡಿಸಿದರೆ ಈ ಡೆಪಾಸಿಟ್, ಬಾಡಿಗೆ ಯಾವುದೂ ಇರುವುದಿಲ್ಲ. ಯಾರೂ ಮಾಡಿಸುವುದಿಲ್ಲ, ಅದೇ ಬೇಸರ.

ಲೈಸೆನ್ಸ್ ಇರುವವರು ತಾವೇ ಇನ್ನೊಬ್ಬ ಲೈಸೆನ್ಸುದಾರರಿಗೆ ಮಾರುವುದಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ನಿಮ್ಮ ವಿಷಯದಲ್ಲಿ ಕೋವಿ ಆಗಲೇ ಡೀಲರ್ ಹತ್ತಿರ ಇರುವುದರಿಂದ ಅವರ ಮೂಲಕವೇ ಹೋಗಿ. ಡೆಪಾಸಿಟ್ ಇಟ್ಟು ಮರೆತುಬಿಟ್ಟರೆ ನಿಗದಿತ ಅವಧಿಯ ನಂತರ ಸರ್ಕಾರಕ್ಕೆ ಜಪ್ತಿಯಾಗಬಹುದು, ಅದು ನೆನಪಿರಲಿ. ಬಾಡಿಗೆ ಕಟ್ಟಿದ ರಸೀದಿ ಎಲ್ಲ ಇಟ್ಟುಕೊಳ್ಳಿ.

ಕಾವೇರಿತೀರ

ಮಾರುವುದೇ ಆದರೆ ಕ್ಲೇ ಶೂಟಿಂಗ್ ಮಾಡುವವರನ್ನೂ ವಿಚಾರಿಸಿ. ಮಣ್ಣಿನ ಬಿಲ್ಲೆ ಹಾರಿಸಿ ಹೊಡೆಯುವ ಆಟಕ್ಕೆ ಹೆಚ್ಚಾಗಿ 12 ಬೋರನ್ನೇ ಬಳಸುತ್ತಾರೆ. ದೊಡ್ಡ ಸ್ಪರ್ಧೆಯವರು ಮೇಲೆ ಕೆಳಗೆ ನಳಿಗೆ ಇರುವ ಇಟಲಿಯ ಕೋವಿ ಬಳಸುತ್ತಾರೆ, ನಿಜ. ಕಲಿಯುವವರಿಗೆ ಒಳ್ಳೆಯ ಹಳೇ ಜೋಡು ನಳಿಗೆ ಸಾಕು. ಅಂಥವರಿಗೆ ಹೋದರೆ ಅಪ್ಪನ ಕೋವಿ ಒರೆಸಿಕೊಂಡು, ಎಣ್ಣೆ ಕುಡಿದುಕೊಂಡು ಇರುತ್ತೆ.

ತೋಟದಮನೆ

ಎಲ್ಲರೂ ಇಷ್ಟು ಸಮಯ ಕೊಟ್ಟು ಬರೆದಿರಿ, ತುಂಬಾ ಥ್ಯಾಂಕ್ಸ್. ನಿನ್ನೆ ಅಮ್ಮ, ಅಕ್ಕ, ನಾನು ಕೂತು ಮಾತಾಡಿದೆವು. ನಳಿಗೆನೋಟ ಸರ್ ಹೇಳಿದ ಹಾಗೆ ಸೋಮವಾರ ಹೋಗಿ ಡೀಲರ್ ಎದುರು ನಳಿಗೆ ನೋಡುತ್ತೇನೆ. ಜೋಡು ನಳಿಗೆಯನ್ನು ಅಕ್ಕನ ಹೆಸರಿಗೆ ಮಾಡಿಸಲು ಅರ್ಜಿ ಹಾಕುತ್ತೇವೆ. ತೋಟ ನೋಡಿಕೊಳ್ಳುತ್ತಿರುವವಳು ಅವಳೇ, ತರಬೇತಿಗೆ ಹೋಗಲೂ ಸಿದ್ಧಳಿದ್ದಾಳೆ. ಕೇಪಿನ ಕೋವಿಗೆ ಬೆಲೆ ಕೇಳುವುದನ್ನು ಬಿಟ್ಟಿದ್ದೇವೆ. ಅದನ್ನು ಠಾಣೆಗೆ ಒಪ್ಪಿಸಿದರೆ ಏನು ಮಾಡುತ್ತಾರೆ, ಮ್ಯೂಸಿಯಂಗೆ ಕೊಡಲು ದಾರಿ ಇದೆಯಾ? ಕರಿಕೋಟು ಸರ್, ಇದೊಂದು ತಿಳಿಸಿ.

ಕರಿಕೋಟು

ಒಳ್ಳೆಯ ನಿರ್ಧಾರ. ಮ್ಯೂಸಿಯಂಗೆ ಕೊಡುವುದಾದರೂ ಜಿಲ್ಲಾಧಿಕಾರಿ ಕಚೇರಿಯ ಅನುಮತಿ ಮೊದಲು ಬೇಕು. ಡೀಲರ್ ಅಂಗಡಿಯ ಡೆಪಾಸಿಟ್ ರಸೀದಿ, ಅಪ್ಪನ ಹಳೇ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ, ವಂಶವೃಕ್ಷ ಇಷ್ಟನ್ನು ಎರಡೆರಡು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಎರಡು ಕೋವಿಯ ವಿಷಯ ಬೇರೆ ಬೇರೆ ಬರೆಯಿರಿ, ಒಂದೇ ಕಾಗದದಲ್ಲಿ ಸೇರಿಸಬೇಡಿ. ಸೇರಿಸಿದರೆ ಒಂದರ ಸಲುವಾಗಿ ಇನ್ನೊಂದು ನಿಲ್ಲುತ್ತೆ.